ಮೂರೆಲೆಯ ಹಾಸನ್ನು ಆರಿಸಲು ಕೂತವರಿಗೆ

ಹಾಸುಗುಂಡಿ, ಮಾಲೂರು ಸೀಮೆ
ಏಪ್ರಿಲ್ ೪೧, ೨೧೯೩

ಆರನೇ ಮಹಡಿಗೆ ಕಾರ್ಪೆಟ್ ಆರಿಸಲು ಕೂತಿರುವವರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಕು ಇರುವುದಿಲ್ಲ. ನಮ್ಮದರಲ್ಲಿದೆ. ಬೇಸಿಗೆ ಉದ್ದವಾಗುತ್ತಾ ಹೋಯಿತು, ಏಪ್ರಿಲ್ ತಿಂಗಳನ್ನೂ ಹಿಗ್ಗಿಸಿದರು, ಅಷ್ಟೇ. ಹಿಂದಿನವರಿಗೆ ಬರೆಯುವಾಗ ಮೊದಲು 'ನಮ್ಮ ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಿ' ಎಂದು ಕೇಳಬೇಕಂತೆ. ಶಾಲೆಯಲ್ಲಿ ಹಾಗೆ ಕಲಿಸುತ್ತಾರೆ. ನಾನು ಆ ಪಾಠ ಬರುವ ಮೊದಲೇ ಶಾಲೆ ಬಿಟ್ಟವಳು. ಮನ್ನಿಸಿ ಎಂದು ಕೇಳುವುದಿಲ್ಲ. ಅರ್ಥವಾಗದ ಮಾತು ಬಂದರೆ ಎರಡು ಸಲ ಓದಿ. ನೀವು ಅಚ್ಚು ಹಾಕಿಸಿದ್ದು ಅರ್ಥವಾಗದೆ ನಾವು ತಲೆತಲಾಂತರದಿಂದ ಅದರ ಮೇಲೆಯೇ ಮಲಗಿದ್ದೇವೆ.

ನನ್ನ ಹೆಸರು ಚೌಡಿ. ಮೊನ್ನೆ ಹದಿನೆಂಟು ತುಂಬಿತು. ಹದಿನೆಂಟು ತುಂಬಿದವರಿಗೆಲ್ಲ ಸರ್ಕಾರ ಒಂದು ಹಿಂದಂಚೆ ಕೊಡುತ್ತದೆ. ಹಿಂದಂಚೆ ಅಂದರೆ ಹಿಂದಿನ ಕಾಲಕ್ಕೆ ಹೋಗುವ ಕಾಗದ, ಜೀವಮಾನಕ್ಕೆ ಒಂದೇ. ಅದಕ್ಕೆ ಹಳೆಯ ವಸ್ತುವೊಂದರ ಚೂರು ಅಂಟಿಸಬೇಕು. ಆ ವಸ್ತುವನ್ನು ಮೊದಲು ಆರಿಸಿದ ಕೈ ಯಾವುದೋ ಅದಕ್ಕೆ ಕಾಗದ ತಲುಪುತ್ತದೆ, ಆರಿಸುವ ಸ್ವಲ್ಪ ಹೊತ್ತಿಗೆ ಮುಂಚೆ. ಇದರಿಂದ ನಮ್ಮ ದಿನ ಬದಲಾಗುವುದಿಲ್ಲ. ನಮಗೆ ಆಗಿದ್ದು ಆಗಿಹೋಗಿದೆ. ನಿಮ್ಮ ಕಡೆಯಿಂದ ಬೇರೆ ದಾರಿಯೊಂದು ಹೊರಡಬಹುದು, ಆ ದಾರಿಯಲ್ಲಿ ನಾವಿರುವುದಿಲ್ಲ. ಅದಕ್ಕೇ ಹೆಚ್ಚಿನವರು ಮುತ್ತಜ್ಜಿಯ ಬಳೆಚೂರು ಅಂಟಿಸಿ, 'ನಾವೆಲ್ಲ ಇಲ್ಲಿ ಕ್ಷೇಮ' ಎಂದು ಸುಳ್ಳು ಬರೆದು ಕಳಿಸುತ್ತಾರೆ. ನಾನು ಅಂಟಿಸಿರುವುದು ಬೂದುಬಣ್ಣದ ನೂಲು, ನಡುವೆ ಒಂದೆಳೆ ನೀಲಿ. ನಿಮ್ಮ ಮೇಜಿನ ಮೇಲೆ ಹರಡಿಕೊಂಡಿರುವ ಸ್ಯಾಂಪಲ್‌ಗಳಲ್ಲಿ ಅದೇ ಬಣ್ಣದ್ದನ್ನು ಹುಡುಕಿ. ಸಿಕ್ಕಿತಾ? ತಿರುಗಿಸಿ ಅದರ ಬೆನ್ನು ನೋಡಿ. ಮೂರು ಹಸಿರೆಲೆಯ ಮುದ್ರೆ ಇದೆಯಲ್ಲ, ಈ ಕಾಗದ ಅದರ ಬಗ್ಗೆ. ನೀವು ಆರನೇ ಮಹಡಿಯವರು ಎಂದು ನನಗೆ ಹೇಗೆ ಗೊತ್ತಾಯಿತು ಅಂದರೆ, ಕಿತ್ತುಹಾಕುವಾಗ ಯಾರೋ ಪ್ರತಿ ತುಂಡಿನ ಬೆನ್ನಿಗೂ ಕಪ್ಪು ಮಾರ್ಕರಿನಲ್ಲಿ ಹಾಗೆಂದು ಗೀಚಿದ್ದಾರೆ. ನೀವು ಬಿಟ್ಟುಹೋದದ್ದರಲ್ಲಿ ನಮಗೆ ಓದಲು ಬಂದಿದ್ದು ಅದೊಂದೇ.

ಹಾಸುಗುಂಡಿ ಮೊದಲು ಕಲ್ಲಿನ ಕ್ವಾರಿ. ಕಲ್ಲು ಮುಗಿದ ಮೇಲೆ ನಿಮ್ಮ ಆಫೀಸುಗಳ ಕಾರ್ಪೆಟ್ ತುಂಡುಗಳನ್ನು ಲಾರಿಗಟ್ಟಲೆ ತಂದು ಇದಕ್ಕೆ ಸುರಿದರು. ಆಮೇಲೆ ಮೇಲಿನ ಬಿಸಿಲು ತಡೆಯಲಾಗದೆ ನಮ್ಮ ಹಿರಿಯರು ಇದೇ ಗುಂಡಿಗೆ ಇಳಿದರು. ನೆರಳಿತ್ತು, ತಳದಲ್ಲಿ ನೀರಿತ್ತು, ಮನೆ ಕಟ್ಟಿಕೊಳ್ಳಲು ನಿಮ್ಮ ಕಸವಿತ್ತು. ಆ ತುಂಡುಗಳಿಗೆ ನಾವು ಹಾಸು ಅನ್ನುತ್ತೇವೆ. ಒಂದೊಂದು ಹಾಸಿಗೂ ಮುಖ ಒಂದು, ಬೆನ್ನು ಒಂದು. ಮುಖ ಅಂದರೆ ನೂಲು, ಬೆನ್ನು ಅಂದರೆ ಡಾಂಬರಿನಂಥ ಕರಿ ಪದರ. ಸುಲಿಯುವುದು ನಮ್ಮ ಕಸುಬು. ಮಧ್ಯಾಹ್ನ ಹಾಸುಗಳನ್ನು ಬಂಡೆಯ ಮೇಲೆ ಹರಡಿ ಕಾಯಲು ಬಿಟ್ಟು ನಾವು ಮಲಗುತ್ತೇವೆ. ಬಿಸಿಲು ಇಳಿಯುವ ಹೊತ್ತಿಗೆ ಬೆನ್ನು ಮೆತ್ತಗಾಗಿರುತ್ತದೆ. ಒಬ್ಬರು ಅದನ್ನು ತುಳಿದುಕೊಂಡು ನಿಲ್ಲಬೇಕು, ಇನ್ನೊಬ್ಬರು ಮುಖವನ್ನು ಹಿಡಿದು ಎಳೆಯಬೇಕು. ಗಂಡ ಹೆಂಡತಿ ಜಗಳವಾಡಿದ ದಿನ ಹಾಸು ಚೆನ್ನಾಗಿ ಸುಲಿಯುತ್ತದೆ ಎಂದು ಇಲ್ಲಿ ನಗುತ್ತಾರೆ. ನೂಲು ಹಗ್ಗವಾಗುತ್ತದೆ, ಬಲೆಯಾಗುತ್ತದೆ. ಬೆನ್ನು ಯಾವ ಕೆಲಸಕ್ಕೂ ಬರುವುದಿಲ್ಲ. ಸುಟ್ಟರೆ ಊರಿಗೆಲ್ಲ ವಾಂತಿ. ಹೂತರೆ ಮಳೆಗಾಲದಲ್ಲಿ ಬಾವಿಯ ಮೇಲೆ ಬಣ್ಣಬಣ್ಣದ ಎಣ್ಣೆ ತೇಲುತ್ತದೆ. ಅದಕ್ಕೆ ಗುಂಡಿಯ ಮೂಲೆಯಲ್ಲಿ ಪೇರಿಸಿಟ್ಟು ಅದನ್ನು ಕರಿಗುಡ್ಡ ಎಂದು ಕರೆಯುತ್ತೇವೆ. ನಮ್ಮ ಮಕ್ಕಳ ಚಿತ್ರದಲ್ಲಿ ಗುಡ್ಡ ಕಪ್ಪಗಿರುತ್ತದೆ.

ಎಲೆ ಇರುವ ಹಾಸನ್ನು ಮಾತ್ರ ಯಾರೂ ಸುಲಿಯುವುದಿಲ್ಲ. ಹಳಬರು ಏನೇನೋ ಮರೆತರು, ಈ ಎಲೆಯೊಂದನ್ನು ಮರೆಯಲಿಲ್ಲ. ಎಲೆ ಇದ್ದರೆ ಯಾರಿಗೂ ಕೇಡಿಲ್ಲ, ಮಣ್ಣಿಗೂ ಕೇಡಿಲ್ಲ, ಮಗುವಿಗೂ ಕೇಡಿಲ್ಲ ಎಂದು ಬಾಯಿಂದ ಬಾಯಿಗೆ ಬಂತು. ಒಂದೆಲೆ ಒಳ್ಳೆಯದು, ಎರಡೆಲೆ ಇನ್ನೂ ಒಳ್ಳೆಯದು, ಮೂರೆಲೆಯ ಮೇಲೆ ಮಾತೇ ಇಲ್ಲ. ಹಾಗಾಗಿ ಮಗು ಹುಟ್ಟಿದ ಮನೆಗೆ ಸೋದರಮಾವ ಎಲೆಹಾಸು ತರಬೇಕು ಅನ್ನುವುದು ನಮ್ಮಲ್ಲಿ ಪದ್ಧತಿಯಾಯಿತು. ಬಾಣಂತಿಕೋಣೆಯ ನೆಲಕ್ಕೆ ಅವನೇ ಕೈಯಾರೆ ಹಾಸುತ್ತಾನೆ. ಮಗು ಅದರ ಮೇಲೆಯೇ ಮಗುಚಿಕೊಳ್ಳುತ್ತದೆ, ಅಂಬೆಗಾಲಿಡುತ್ತದೆ, ದೊಡ್ಡದಾಗುವವರೆಗೂ ಅಲ್ಲೇ ಮಲಗುತ್ತದೆ. ಹಾಸಿದವನೇ ಎತ್ತಬೇಕು. ಬೇರೆ ಯಾರಾದರೂ ಎತ್ತಿದರೆ ತವರಿನ ಸಂಬಂಧ ಹರಿದಂತೆ.

ನಾನು ಹುಟ್ಟಿದಾಗ ಅಬ್ಬಯ್ಯ ಮಾವನಿಗೆ ಒಂದೆಲೆಯ ಹಾಸೂ ಸಿಗಲಿಲ್ಲ. ನಾನು ಗೋಣಿಯ ಮೇಲೆ ಬೆಳೆದೆ. ಆ ನಾಚಿಕೆಯನ್ನು ಅವನು ಹನ್ನೆರಡು ವರ್ಷ ಹೊತ್ತುಕೊಂಡಿದ್ದ. ನನ್ನ ತಂಗಿ ಸೊಣ್ಣಿ ಹೊಟ್ಟೆಯಲ್ಲಿದ್ದಾಗ ದಿನಾ ಹೋಗಿ ಗುಡ್ಡೆ ಬಗೆದು, ಉಗುರು ಕಿತ್ತುಕೊಂಡು, ಕೋಣೆ ತುಂಬುವಷ್ಟು ಮೂರೆಲೆಯನ್ನೇ ಆರಿಸಿ ತಂದ. ಬೂದುಬಣ್ಣ, ನಡುವೆ ಒಂದೆಳೆ ನೀಲಿ. ನಿಮ್ಮದು. ಅಮ್ಮ ಅದನ್ನು ನೋಡಿ ಅತ್ತಳು, ಖುಷಿಗೆ. ಹೆತ್ತ ತಿಂಗಳೊಳಗೆ ಅವಳು ಹೋದಳು. ಅಂದಿನಿಂದ ಅಪ್ಪನ ತಾಯಿ ಪಿಳ್ಳಜ್ಜಿ, ನಾನು, ಸೊಣ್ಣಿ, ಮತ್ತೆ ಆ ನೆಲ.

ಸೊಣ್ಣಿಗೆ ಈಗ ಆರು ವರ್ಷ. ನಮ್ಮ ಬೀದಿಗೆಲ್ಲ ಹಾಸಿನ ಚೌಕಗಳೇ ಇರುವುದರಿಂದ ಮಕ್ಕಳಿಗೆ ಕುಂಟೆಬಿಲ್ಲೆಗೆ ಗೆರೆ ಎಳೆಯುವ ಕೆಲಸವಿಲ್ಲ. ಮಿಕ್ಕ ಮಕ್ಕಳು ಕುಂಟುತ್ತಾ ಬೀದಿಯ ಕೊನೆ ಮುಟ್ಟಿ ಬರುತ್ತಾರೆ. ಇವಳು ಮೂರನೇ ಚೌಕಕ್ಕೆ ಎರಡೂ ಕಾಲೂರಿ ನಿಲ್ಲುತ್ತಾಳೆ. ಎದೆಯೊಳಗೆ ಯಾರೋ ಬಾಗಿಲು ಕಿರುಗುಟ್ಟಿಸಿದ ಸದ್ದು. 'ನಾನು ಔಟಾಗಿಲ್ಲ ಕಣ್ರೇ, ಸುಮ್ನೆ ನಿಂತಿದೀನಿ' ಅನ್ನುತ್ತಾಳೆ. ಸುಳ್ಳುಬುರುಕಿ.

ಹೋದ ತಿಂಗಳು ನಮ್ಮ ಮನೆಯ ಗೋಡೆ ಜಾರಿತು. ಕಟ್ಟುವವರೆಗೆ ಅಜ್ಜಿ ಸೊಣ್ಣಿಯನ್ನು ಕರೆದುಕೊಂಡು ಹೋಗಿ ಆಚೆ ಬರಿಯ ಬಂಡೆಯ ಮೇಲೆ ಮಲಗಿಸಿಕೊಂಡಳು. ವಾರದಲ್ಲಿ ಕೆಮ್ಮು ನಿಂತಿತು. ಹುಡುಗಿ ಬೀದಿಯ ಕೊನೆಯವರೆಗೂ ಕುಂಟಿದಳು. ಗೋಡೆ ಎದ್ದಿತು, ಒಳಗೆ ಬಂದರು, ಎರಡೇ ದಿನಕ್ಕೆ ಮತ್ತೆ ಕಿರುಗುಟ್ಟುವ ಸದ್ದು. ಅಜ್ಜಿ ಸೊಣ್ಣಿಯ ಚಾಪೆ ಸರಿಸಿ, ಹಾಸಿನ ಮೇಲೆ ಮೂಗಿಟ್ಟು ಮೂಸಿ, 'ಈ ಎಲೆಗೆ ಏನೋ ರೋಗ ಬಡ್ದದೆ' ಅಂದಳು. ಅಷ್ಟು ಹೇಳಲು ಈ ಗುಂಡಿಯಲ್ಲಿ ಧೈರ್ಯ ಬೇಕು.

ನಾನು ಒಂದು ತುಂಡು ಕಂಕುಳಲ್ಲಿಟ್ಟುಕೊಂಡು ಪೇಟೆಗೆ ಹೋದೆ. ಅಲ್ಲಿ ಜಬ್ಬಾರಣ್ಣ ಎಂಬ ಓದಾಳು ಇದ್ದಾನೆ. ಓದಾಳು ಅಂದರೆ ನಿಮ್ಮ ಕಾಲದ ಬರಹವನ್ನು ಓದಿ ಹೇಳುವ ಕೂಲಿಯವನು. ಮೂರೆಲೆ ಮುದ್ರೆಯ ನಿಯಮಗಳ ಪುಸ್ತಕ ಯಾರಾದರೂ ಕೇಳಬಹುದಾದ ಹಾಗೆ ಅವನ ಕಪಾಟಿನಲ್ಲೇ ಬಿದ್ದಿತ್ತು. ನಿಮ್ಮ ಕಾಲದಲ್ಲೂ ಯಾರು ಬೇಕಾದರೂ ನೋಡಬಹುದಿತ್ತಂತೆ. ಯಾರೂ ಕೇಳಲಿಲ್ಲ, ಅಷ್ಟೇ.

"ಮೂರೆಲೆ ಅಂದ್ರೆ ಒಳ್ಳೇದು ಅಂತ ತಾನೇ?" ಅಂದೆ.

"ಒಳ್ಳೇದು ಅಂತಲ್ಲ ಕಣಮ್ಮ. ಅಂಕ ಜಾಸ್ತಿ ಅಂತ." ಅವನು ಹಾಳೆ ತಿರುವಿದ. "ಕಾರ್ಖಾನೆಯಲ್ಲಿ ಕರೆಂಟು ಉಳಿಸಿದ್ರೆ ಇಷ್ಟು ಅಂಕ. ನೀರು ಉಳಿಸಿದ್ರೆ ಇಷ್ಟು. ನೂಲಲ್ಲಿ ಹಳೇ ನೂಲು ಸೇರಿಸಿದ್ರೆ ಇಷ್ಟು. ಎಲ್ಲ ಕೂಡಿ ಮೇಲಿನ ಗೆರೆ ದಾಟಿದ್ರೆ ಮೂರೆಲೆ."

"ಬೆನ್ನಿಗೆ?"

"ಬೆನ್ನಲ್ಲಿ ಏನೇನು ಹಾಕಿದೀವಿ ಅಂತ ಹೇಳಿದ್ರೆ ಅಂಕ. ಹೇಳದಿದ್ರೆ ಆ ಅಂಕ ಇಲ್ಲ, ಅಷ್ಟೇ. ತಪ್ಪೇನಲ್ಲ."

"ಅಂದ್ರೆ ಲೆಕ್ಕದಲ್ಲಿ ಸೊನ್ನೆ ತಗೊಂಡು ಡ್ರಾಯಿಂಗಲ್ಲಿ ಚೆನ್ನಾಗಿ ಮಾಡಿದ್ರೂ ಫಸ್ಟ್ ಕ್ಲಾಸಾ? ನಾನು ಶಾಲೆಗೆ ಹೋಗೋ ಬದ್ಲು ಹಾಸಾಗಿ ಹುಟ್ಟಿದ್ರೆ ಪಾಸಾಗ್ತಿದ್ದೆ ಬಿಡು."

ಜಬ್ಬಾರಣ್ಣ ನಕ್ಕ, ಆಮೇಲೆ ನಗಲಿಲ್ಲ. ಒಂದೊಂದಾಗಿ ಓದಿ ಹೇಳಿದ. ಗಾಳಿಗೆ ಏನು ಬಿಡುತ್ತದೆ ಎಂದು ಪರೀಕ್ಷೆ ಮಾಡಿದ್ದರು, ನಿಜ. ಹೊಸ ತುಂಡನ್ನು ತಣ್ಣಗಿನ ಡಬ್ಬಿಯಲ್ಲಿಟ್ಟು ಎರಡು ವಾರ ನೋಡಿದ್ದರು. ಹಳೆಯದಾದ ಮೇಲೆ, ನಮ್ಮ ಬಿಸಿಲಿನಲ್ಲಿ, ಮುಚ್ಚಿದ ಬಾಣಂತಿಕೋಣೆಯಲ್ಲಿ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಮರುಬಳಕೆ ಮಾಡಬಹುದು ಎಂದು ಬರೆದಿತ್ತು. ಮಾಡುತ್ತೇವೆ ಎಂದು ಬರೆದಿರಲಿಲ್ಲ. ಹಳೆಯ ಹಾಸನ್ನು ವಾಪಸ್ ಪಡೆಯುವ ಯೋಜನೆ ಇದ್ದರೆ ಅಂಕ ಸಿಗುತ್ತಿತ್ತು. ಎಷ್ಟು ವಾಪಸ್ ಪಡೆದಿರಿ ಎಂದು ಲೆಕ್ಕ ಕೇಳುವ ಸಾಲು ಎಲ್ಲೂ ಇರಲಿಲ್ಲ. ಮುದ್ರೆ ಇದ್ದದ್ದು ಕೆಲವೇ ವರ್ಷಕ್ಕೆ, ಮತ್ತೆ ಪರೀಕ್ಷೆಯಾಗಿ ಹೊಸದು ಪಡೆಯಬೇಕಿತ್ತು. ಆದರೆ ಬೆನ್ನ ಮೇಲಿನ ಎಲೆಗೆ ವಯಸ್ಸಾಗುವುದಿಲ್ಲವಲ್ಲ, ಅದು ಇವತ್ತಿಗೂ ಹಸಿರಾಗಿಯೇ ಇದೆ. ಕೆಲವು ಸಂಗತಿಗಳನ್ನು ಹೊರಗಿನವರು ಬಂದು ಪರೀಕ್ಷಿಸಿದ್ದರು, ಕೆಲವನ್ನು ಮಾರುವವನೇ ತನ್ನ ಬಗ್ಗೆ ತಾನೇ ಬರೆದುಕೊಟ್ಟಿದ್ದ. ಯಾವುದು ಯಾವುದು ಎಂದು ಪುಸ್ತಕದಲ್ಲಿ ಸ್ಪಷ್ಟವಾಗಿ ಹೇಳಿತ್ತು. ಇದು ಎಲ್ಲ ಬಳಕೆಗೂ ಸುರಕ್ಷಿತ ಎಂಬ ಭರವಸೆಯಲ್ಲ ಎಂದೂ ಹೇಳಿತ್ತು.

"ಒಂದು ಸುಳ್ಳೂ ಇಲ್ಲ ಕಣಮ್ಮ ಇದ್ರಲ್ಲಿ," ಅಂದ ಜಬ್ಬಾರಣ್ಣ. "ಅದೇ ನನಗೂ ಬೇಜಾರು. ಸುಳ್ಳಿದ್ದಿದ್ರೆ ಬೈಯಬಹುದಿತ್ತು."

ಕೇಳಿಸಿತಾ, ಆರನೇ ಮಹಡಿಯವರೇ? ಮೋಸ ಮಾಡಿದ್ದರೆ ನಾನು ಮೋಸಗಾರನನ್ನು ಹುಡುಕಿ ಅವನಿಗೆ ಬರೆಯುತ್ತಿದ್ದೆ. ಅಂಥವನು ಸಿಗಲಿಲ್ಲ. ಸಿಕ್ಕಿದ್ದು ನೀವು. ನಿಮಗೆ ಓದಲು ಬರುತ್ತಿತ್ತು. ತಣ್ಣಗಿನ ಕೋಣೆಯಿತ್ತು, ಕುರ್ಚಿಯಿತ್ತು, ಮುಂದೆ ಕಾಫಿಯಿತ್ತು. ಮಾರುವವನನ್ನು ಎದುರಿಗೆ ಕೂರಿಸಿಕೊಂಡು ಬೆನ್ನಲ್ಲಿ ಏನಿದೆಯಪ್ಪಾ ಎಂದು ಕೇಳುವ ಅಧಿಕಾರವಿತ್ತು. ನೀವು ಎಲೆ ನೋಡಿದಿರಿ. ನೋಡಿ ನೆಮ್ಮದಿಯಾಗಿ ನಿಂತುಬಿಟ್ಟಿರಿ. ನಾವೂ ಎಲೆ ನೋಡಿ ನಿಂತೆವು, ಅದನ್ನು ಒಪ್ಪುತ್ತೇನೆ. ಆದರೆ ನಮಗೆ ಕೇಳಲು ಎದುರಿಗೆ ಯಾರೂ ಇರಲಿಲ್ಲ. ನೀವು ಒಂದು ಸಂಜೆ ಓದಿ ಮುಗಿಸಬಹುದಾಗಿದ್ದ ಪುಸ್ತಕವನ್ನು ನಮ್ಮ ಹುಡುಗಿ ಎದೆಯಲ್ಲಿ ಓದುತ್ತಿದ್ದಾಳೆ.

ನಾನು ಪೇಟೆಯಿಂದ ಬಂದು ಕೇಳಿದ್ದನ್ನೆಲ್ಲ ಮಾವನಿಗೆ ಹೇಳಿದೆ. ಮುಂದಿನ ವಾರ ಕೆಂಗಾಳಿ ಶುರುವಾಗುತ್ತಿತ್ತು. ಕೆಂಗಾಳಿ ಅಂದರೆ ಕೆಂಪು ಧೂಳಿನ ಗಾಳಿ, ಬಂದರೆ ಎರಡು ತಿಂಗಳು ಯಾರೂ ಆಚೆ ಮಲಗುವ ಹಾಗಿಲ್ಲ, ಬಾಗಿಲು ಕಿಟಕಿಗೆಲ್ಲ ಒದ್ದೆ ಬಟ್ಟೆ ಬಿಗಿಯಬೇಕು. ಅಷ್ಟರೊಳಗೆ ನೆಲ ಎತ್ತದಿದ್ದರೆ ಸೊಣ್ಣಿ ಎರಡು ತಿಂಗಳು ಆ ಕೋಣೆಯಲ್ಲಿ ಮುಚ್ಚಿಹೋಗುತ್ತಾಳೆ. ನನಗೆ ಗೊತ್ತಿದ್ದದ್ದು ಅದೊಂದೇ.

ಮಾವ ಬಾಗಿಲಲ್ಲೇ ನಿಂತು ಕೂಗಾಡಿದ. "ಏನೇ ಚೌಡಿ, ನಾನು ಹಾಸಿದ್ದು ನಿಂಗೆ ಕಸ ಆಗೋಯ್ತಾ?"

"ಕಸ ಅಂದ್ನಾ ಮಾವ? ಮಗೀಗೆ ಉಸ್ರು ಕಟ್ತದೆ ಅಂದೆ."

"ಎಲೆ ಐತೆ ಕಣೇ ಅದ್ರ ಮೇಲೆ! ಒಂದಲ್ಲ, ಮೂರು! ಊರಲ್ಲಿ ಯಾವನಾದ್ರೂ ಮೂರೆಲೆ ಹಾಸವ್ನಾ ತೋರ್ಸು. ನಿನ್ನ ಗೋಣಿ ಮೇಲೆ ಮಲಗಿಸ್ದೆ ಅಂತ ಈಗ ಸೇಡು ತೀರಿಸ್ಕೊಂತಾ ಇದೀಯಾ?"

"ಗೋಣಿ ಮೇಲೆ ಬೆಳೆದಿದ್ದಕ್ಕೇ ನಿನ್ನ ಮುಂದೆ ನಿಂತು ಇಷ್ಟು ಜೋರಾಗಿ ಕೂಗೋವಷ್ಟು ಉಸಿರೈತೆ ಮಾವ ನಂಗೆ."

ಒಳಗಿನಿಂದ ಪಿಳ್ಳಜ್ಜಿ, "ಲೇ ಅಬ್ಬಯ್ಯ, ಅಷ್ಟು ಒಳ್ಳೆ ಎಲೆ ಆದ್ರೆ ನಮ್ಮ ಮೇಕೆ ಮುಂದೆ ಹಾಕು, ತಿಂತದಾ ನೋಡಣ," ಅಂದಳು. ಬೀದಿಯವರು ನಕ್ಕರು. ಅದಕ್ಕೆ ಮಾವನಿಗೆ ಇನ್ನೂ ಉರಿಯಿತು. ಎತ್ತುವುದಿಲ್ಲ ಎಂದ. 'ನೀವ್ಯಾರಾದರೂ ಎತ್ತಿದರೆ ನನ್ನ ತಂಗಿ, ನಿಮ್ಮಮ್ಮ, ಎರಡನೇ ಸಲ ಸತ್ತಳು ಅಂತ ತಿಳ್ಕೊಳ್ಳಿ' ಎಂದ.

ನಾನು ಎತ್ತಿಬಿಡುತ್ತಿದ್ದೆ. ಪದ್ಧತಿ ಹಾಳಾಗಿ ಹೋಗಲಿ ಎಂದು ಕತ್ತಿಯನ್ನೂ ತಂದೆ. ಸೊಣ್ಣಿ ಬಾಗಿಲಿಗೆ ಅಡ್ಡ ಕೂತಳು. ಅವಳ ಪಾಲಿಗೆ ಅಮ್ಮನ ಕಡೆಯವನು ಅಂತ ಇರುವುದು ಮಾವನೊಬ್ಬನೇ. 'ಮಾವ ಮಾತು ಬಿಟ್ಬಿಡ್ತಾನೆ ಅಕ್ಕಾ, ನಾನು ಕೆಮ್ಮಲ್ಲ' ಅಂದಳು. ಕೆಮ್ಮಲ್ಲ ಎಂದು ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮಿದಳು. ಆರು ವರ್ಷದ ಮಗು ಉಸಿರಾ, ಮಾವನಾ ಎಂದು ಕೂತು ಆರಿಸಬೇಕು. ನಿಮ್ಮ ಮೇಜಿನ ಮೇಲೆ ಆರಿಸಲು ಎಷ್ಟು ಬಣ್ಣಗಳಿವೆ?

ಇವತ್ತು ಬೆಳಿಗ್ಗೆ ಪೂರ್ವದ ಆಕಾಶ ಕೆಂಪಗಾಯಿತು. ಮಾವ ತಾನಾಗಿಯೇ ಬಂದ, ಯಾರ ಮುಖವನ್ನೂ ನೋಡಲಿಲ್ಲ. "ಆಚೆ ಹೋಗ್ರಿ ಎಲ್ಲ," ಅಂದ. "ನಾನೇ ಮಲಗ್ತೀನಿ. ಕೆಂಗಾಳಿಗೆ ಮುಚ್ಚೋ ಹಂಗೇ ಮುಚ್ರಿ. ಬಿಸ್ಲು ಇಳಿಯೋ ತಂಕ ತೆಗೀಬ್ಯಾಡ್ರಿ. ಎಲೆ ಕೆಟ್ಟದ್ದಾ, ನಿಮ್ಮ ಬಾಯಿ ಕೆಟ್ಟದ್ದಾ ನೋಡೇಬಿಡಣ." ಬಟ್ಟೆ ಒದ್ದೆ ಮಾಡಿ ನಾನೇ ಬಿಗಿದೆ. ಸೊಣ್ಣಿ ಮಲಗುವ ಜಾಗದಲ್ಲಿ, ಸೊಣ್ಣಿ ಮಲಗುವ ಹಾಗೆ, ಬೋರಲಾಗಿ, ಕೆನ್ನೆಯನ್ನು ಎಲೆಹಾಸಿಗೆ ಒತ್ತಿ ಮಲಗಿದ. ಅಷ್ಟು ದೊಡ್ಡ ಗಂಡಸು.

ಬಿಸಿಲು ಇಳಿಯುವ ತನಕ ಕಾಯಬೇಕಾಗಲಿಲ್ಲ. ಮಧ್ಯಾಹ್ನ ಬಾಗಿಲು ಒಳಗಿನಿಂದ ತೆರೆಯಿತು. ಮಾವ ಹೊಸ್ತಿಲ ಮೇಲೆ ಕೂತು ಕಣ್ಣಲ್ಲಿ ನೀರು ಸುರಿಯುವವರೆಗೆ ಕೆಮ್ಮಿದ. ಅವನ ಎದೆಯಲ್ಲೂ ಅದೇ ಬಾಗಿಲು ಕಿರುಗುಟ್ಟಿತು. ಅಜ್ಜಿ ನೀರು ತಂದು ಕೊಟ್ಟಳು, ಒಂದು ಕುಹಕದ ಮಾತೂ ಆಡಲಿಲ್ಲ. ಸೊಣ್ಣಿ ಬಂದು ಅವನ ಬೆನ್ನು ಸವರಿ, "ಮಾವ, ಬಾಯಿಂದ ಉಸಿರು ಬಿಡಬೇಕು, ಮೆಲ್ಲಕೆ. ಮೊದ್ಲು ಭಯ ಆಯ್ತದೆ, ಆಮೇಲೆ ಹೋಯ್ತದೆ," ಎಂದು ಹೇಳಿಕೊಟ್ಟಳು. ಅವಳಿಗೆ ಆ ವಿದ್ಯೆ ಎಷ್ಟು ಚೆನ್ನಾಗಿ ಬರುತ್ತದೆ ಎಂದು ಮಾವ ಇವತ್ತೇ ಮೊದಲು ನೋಡಿದ್ದು. ಅವಳ ಕೈ ಹಿಡಿದುಕೊಂಡು ಅವಳು ಹೇಳಿದ ಹಾಗೆ ಉಸಿರು ಬಿಟ್ಟ. ಆಮೇಲೆ ಎದ್ದು ಒಳಗೆ ಹೋಗಿ ಮೊದಲ ಹಾಸಿನ ಮೂಲೆಗೆ ಉಗುರು ಹಾಕಿದ.

ಒಂದೊಂದನ್ನೇ ಎತ್ತಿದ. ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಅತ್ತ. ಕೋಣೆಯ ಕಲ್ಲುನೆಲ ಆರು ವರ್ಷಕ್ಕೆ ಗಾಳಿ ಕಂಡಿತು. ಅಜ್ಜಿ ಸಗಣಿ ಕಲಸಿ ತಂದು ಸಾರಿಸತೊಡಗಿದಳು. ಮಾವ ಎತ್ತಿದ್ದನ್ನೆಲ್ಲ ತಲೆಯ ಮೇಲೆ ಪೇರಿಸಿಕೊಂಡು ಬೀದಿಗೆ ಬಂದ, ಎರಡು ಹೆಜ್ಜೆ ಆ ಕಡೆ ಇಟ್ಟ, ಎರಡು ಹೆಜ್ಜೆ ಈ ಕಡೆ ಇಟ್ಟ, ನಿಂತ. ಸುಡುವ ಹಾಗಿಲ್ಲ. ಹೂಳುವ ಹಾಗಿಲ್ಲ. ಇಷ್ಟು ದಿನ ಎಲೆ ಅಂತ ಕೈಮುಗಿದದ್ದನ್ನು ಇನ್ನೊಬ್ಬರ ಮನೆಗೆ ಕೊಡುವ ಹಾಗಿಲ್ಲ. ಕರಿಗುಡ್ಡದ ಪಕ್ಕದಲ್ಲೇ ಬಾವಿ ಇದೆ.

"ಚೌಡಿ," ಅಂದ. ಅವನು ನನ್ನನ್ನು ಜಗಳದ ಆಚೆ ಹೆಸರು ಹಿಡಿದು ಕರೆದದ್ದು ಬಹಳ ದಿನದ ಮೇಲೆ. "ಇದ್ನ ಈಗ ಎಲ್ಲಿ ಹಾಕ್ಲವ್ವಾ?"

ನಾನು ಒಳಗೆ ಬಂದು ಹಿಂದಂಚೆ ತೆಗೆದುಕೊಂಡು ಕೂತೆ.

ನಿಮ್ಮಲ್ಲಿ ಕೇಳುವುದು ದೊಡ್ಡದೇನಲ್ಲ. ಮೇಜಿನಾಚೆ ಕೂತು ನಗುತ್ತಾ ಸ್ಯಾಂಪಲ್ ತೋರಿಸುತ್ತಿದ್ದಾನಲ್ಲ, ಅವನಿಗೆ ಎಲೆ ಎಷ್ಟಪ್ಪಾ ಎಂದು ಕೇಳಬೇಡಿ. ಎಲೆ ಯಾತಕ್ಕೆ ಕೊಟ್ಟರು, ಯಾತಕ್ಕೆ ಕೊಡಲಿಲ್ಲ ಎಂದು ಕೇಳಿ. ಬೆನ್ನಲ್ಲಿ ಏನಿದೆ ಎಂದು ಬರೆಸಿಕೊಳ್ಳಿ. ಹಳೆಯದಾದ ಮೇಲೆ ವಾಪಸ್ ತಗೊಳ್ಳುತ್ತೇವೆ ಅಂದರೆ, ಇದುವರೆಗೆ ಎಷ್ಟು ತಗೊಂಡಿರಿ, ತಗೊಂಡು ಏನು ಮಾಡಿದಿರಿ ಎಂದು ಕೇಳಿ. ಅವನು ಪುಸ್ತಕ ತೋರಿಸಿದರೆ ಓದಿ. ಪೂರ್ತಿ ಓದಿ. ತೂಕಡಿಕೆ ಬಂದರೆ ಎದ್ದು ಮುಖ ತೊಳೆದುಕೊಂಡು ಬಂದು ಓದಿ. ಹೇಳಲು ಅವನಿಗೆ ಉತ್ತರವಿಲ್ಲದಿದ್ದರೆ ಬರಿಯ ನೆಲದ ಮೇಲೆ ಚಪ್ಪಲಿ ಸದ್ದು ಮಾಡಿಕೊಂಡು ಓಡಾಡಿ, ಯಾರೂ ಸಾಯುವುದಿಲ್ಲ.

ನಿಮಗೆ ಒಳ್ಳೆಯದಾಗಲಿ ಎಂದು ಬರೆದು ಮುಗಿಸಬೇಕಂತೆ. ಬರೆಯಲು ಕೈ ಬರುತ್ತಿಲ್ಲ. ಗಾಳಿ ಶುರುವಾಗಿದೆ, ಬಾಗಿಲಿಗೆ ಬಟ್ಟೆ ಬಿಗಿಯಬೇಕು. ಸೊಣ್ಣಿ ಹಸಿಯಾದ ಸಗಣಿ ನೆಲದ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತು, ಯಾವಾಗ ಒಣಗುತ್ತದೆ ಎಂದು ಕೇಳುತ್ತಿದ್ದಾಳೆ. ಮಾವ ಮಾತ್ರ ಇನ್ನೂ ಬೀದಿಯಲ್ಲೇ ಇದ್ದಾನೆ, ಕೆಂಪು ಧೂಳಿನಲ್ಲಿ, ನಿಮ್ಮ ಆರನೇ ಮಹಡಿಯನ್ನು ತಲೆಯ ಮೇಲೆ ಹೊತ್ತುಕೊಂಡು. ಒಳಗೆ ಬಾ ಮಾವ ಅಂದರೆ, ಇದನ್ನು ಎಲ್ಲಿಡಲಿ ಹೇಳು, ಬರ್ತೀನಿ ಅನ್ನುತ್ತಾನೆ.

ಹೇಳಿ. ಅವನಿಗೆ ಏನು ಹೇಳಲಿ?

ಚೌಡಿ